ಹಿಕ್ಕೆಯ ಡಿಎನ್‌ಎ: ಎಷ್ಟು ರೀಡ್ ಬಂದರೆ ನಂಬಬಹುದು?

ಪ್ರಶ್ನೆ: ನಾನು ವನ್ಯಜೀವಿ ಸಂಶೋಧನೆಗೆ ಹೊಸಬಳು. ಒಂದು ದೊಡ್ಡ ಮಾಂಸಾಹಾರಿ ಪ್ರಾಣಿಯ ಹಿಕ್ಕೆ, ಕೂದಲು ಸಂಗ್ರಹಿಸಿ ಯಾವುದು ಯಾವ ಪ್ರಾಣಿಯದು ಅಂತ ಗುರುತಿಸುವುದು ನನ್ನ ಕೆಲಸ. ನಮ್ಮ ಲ್ಯಾಬಿನಲ್ಲಿ ಮೊದಲಿನಿಂದ 12 ಮೈಕ್ರೋಸ್ಯಾಟಲೈಟ್ ಮಾರ್ಕರ್ (ಪ್ರಾಣಿಯಿಂದ ಪ್ರಾಣಿಗೆ ಬದಲಾಗುವ ಡಿಎನ್‌ಎ ಜಾಗ) ಬಳಸುತ್ತಿದ್ದರು. ಈಗ ಸೀಕ್ವೆನ್ಸಿಂಗ್ ಮಾಡಿ, ಅಂದರೆ ಡಿಎನ್‌ಎ ಅಕ್ಷರಗಳನ್ನೇ ಯಂತ್ರದಲ್ಲಿ ಓದಿಸಿ, ಜೀನೋಟೈಪ್ (ಒಂದೊಂದು ಜಾಗದಲ್ಲಿ ಪ್ರಾಣಿಗೆ ಯಾವ ಅಕ್ಷರಗಳಿವೆ ಅನ್ನುವುದು) ತೆಗೆಯೋಣ ಅಂತ ನಮ್ಮ ಗೈಡ್ ಹೇಳಿದರು. ಸ್ನಿಪ್ (ಒಂದೇ ಅಕ್ಷರದ ವ್ಯತ್ಯಾಸ) ಮಾರ್ಕರ್‌ಗಳ ಮೊದಲ ರನ್‌ನಲ್ಲಿ ಒಂದೊಂದು ಮಾರ್ಕರ್‌ಗೂ ಸಾವಿರಾರು ರೀಡ್ (ಯಂತ್ರ ಒಂದು ತುಣುಕನ್ನು ಒಮ್ಮೆ ಓದಿದ್ದು) ಬಂತು. ಆದರೆ ಅದೇ ಮಾದರಿಯನ್ನು ಇನ್ನೊಮ್ಮೆ ಮಾಡಿದರೆ ಬೇರೆಯೇ ಜೀನೋಟೈಪ್ ಬರುತ್ತಿದೆ. ತಪ್ಪು ಎಲ್ಲಿ ಆಗುತ್ತಿದೆ? ಎಷ್ಟು ಮಾರ್ಕರ್ ಬೇಕು? ಹಳೆಯ ಡೇಟಾ ಬಿಸಾಡಬೇಕಾ?

ಉತ್ತರ: ತಪ್ಪು ಸೀಕ್ವೆನ್ಸರ್‌ನದ್ದಲ್ಲ. ನಿಮ್ಮದೂ ಇರಲಿಕ್ಕಿಲ್ಲ. ಟ್ಯೂಬಿಗೆ ಹೋದ ಡಿಎನ್‌ಎ ತೀರಾ ಕಡಿಮೆ ಇತ್ತು, ಅಷ್ಟೇ. ಸಾವಿರಾರು ರೀಡ್ ಕಂಡಾಗ ಇನ್ನೇನು ಬೇಕು ಅನ್ನಿಸುತ್ತದೆ. ಆದರೆ ಆ ಸಾವಿರ ರೀಡ್‌ಗಳೂ ಒಂದೇ ಟ್ಯೂಬಿನಲ್ಲಿದ್ದ ಎರಡು ಮೂರು ಅಣುಗಳ ನಕಲುಗಳಾಗಿರಬಹುದು. ಒಬ್ಬನೇ ಸಾಕ್ಷಿ ಒಂದೇ ಮಾತನ್ನು ಸಾವಿರ ಸಲ ಹೇಳಿದರೆ ಸಾವಿರ ಸಾಕ್ಷಿ ಸಿಕ್ಕಂತೆ ಆಗುವುದಿಲ್ಲ ಅಲ್ವಾ?

ಸ್ವಲ್ಪ ಲೆಕ್ಕ ಹಾಕೋಣ. ಸಸ್ತನಿಯ ಜೀನೋಮಿನ ಒಂದು ಪ್ರತಿ ಸುಮಾರು 3 ಪಿಕೋಗ್ರಾಂ ತೂಗುತ್ತದೆ. ತಾಯಿಯ ಕಡೆಯದು ಒಂದು, ತಂದೆಯ ಕಡೆಯದು ಒಂದು, ಒಟ್ಟು ಒಂದು ಜೀವಕೋಶಕ್ಕೆ 6 ಪಿಕೋಗ್ರಾಂ ಚಿಲ್ಲರೆ. ನಿಮ್ಮ ಪಿಸಿಆರ್ (ಡಿಎನ್‌ಎ ನಕಲು ಮಾಡಿ ಬೆಳೆಸುವ ವಿಧಾನ) ಟ್ಯೂಬಿಗೆ ಆ ಪ್ರಾಣಿಯ ಡಿಎನ್‌ಎ 10 ಪಿಕೋಗ್ರಾಂ ಇಳಿಯಿತು ಅಂದುಕೊಳ್ಳಿ. ಆಗ ಒಂದು ಮಾರ್ಕರ್‌ಗೆ ಸಿಗುವುದು ಬರೀ 3 ಪ್ರತಿ. ಪ್ರಾಣಿ ಆ ಜಾಗದಲ್ಲಿ ಹೆಟೆರೋಜೈಗಸ್ ಆಗಿದ್ದರೆ, ಅಂದರೆ ಎರಡು ಕಡೆಯಿಂದ ಬಂದ ಅಲೀಲ್ (ಆ ಜಾಗದ ರೂಪ) ಬೇರೆ ಬೇರೆ ಆಗಿದ್ದರೆ, ಆ ಮೂರೂ ಪ್ರತಿ ಒಂದೇ ಕಡೆಯವು ಆಗಿರುವ ಸಾಧ್ಯತೆ 4ಕ್ಕೆ 1. ಅಂದರೆ ನಾಲ್ಕು ಸಲ ಮಾಡಿದರೆ ಸರಾಸರಿ ಒಂದು ಸಲ ಇನ್ನೊಂದು ಅಲೀಲ್ ಟ್ಯೂಬಿಗೇ ಬಂದಿರುವುದಿಲ್ಲ. ಬಾರದ ಅಣುವನ್ನು ಯಾವ ಯಂತ್ರವೂ ಓದಲಾರದು. ಹಿಕ್ಕೆಯ ಡಿಎನ್‌ಎ ಬಿಸಿಲು ಮಳೆಗೆ ಚೂರುಚೂರು ಆಗಿರುವುದರಿಂದ ಆ ಮೂರರಲ್ಲೂ ಒಂದೆರಡು ಕೆಲಸಕ್ಕೆ ಬಾರದೆ ಹೋಗುತ್ತವೆ.

ನಮ್ಮ ಮಾದರಿಯಲ್ಲಿ ಪ್ರತಿ ಮೈಕ್ರೋಲೀಟರ್‌ಗೆ 20 ನ್ಯಾನೋಗ್ರಾಂ ಡಿಎನ್‌ಎ ಇದೆಯಲ್ಲ ಅಂತ ನೀವು ಕೇಳಬಹುದು. ಒಟ್ಟು ಡಿಎನ್‌ಎ ಅಳೆಯುವ ಕ್ಯೂಬಿಟ್ ಯಂತ್ರ ತೋರಿಸುವ ಆ ಅಂಕಿಯನ್ನು ನೋಡಿ ಸಮಾಧಾನ ಪಡಬೇಡಿ. ಹಿಕ್ಕೆಯಲ್ಲಿರುವ ಡಿಎನ್‌ಎಯಲ್ಲಿ ಬಹುಪಾಲು ಬ್ಯಾಕ್ಟೀರಿಯಾದ್ದು. ಉಳಿದದ್ದರಲ್ಲಿ ತಿಂದ ಬೇಟೆಯ ಪಾಲೂ ಇದೆ. ನಿಮಗೆ ಬೇಕಾದ ಪ್ರಾಣಿಯದು ಎಷ್ಟಿದೆ ಅಂತ ತಿಳಿಯಬೇಕಾದರೆ ಆ ಪ್ರಾಣಿಯ ನ್ಯೂಕ್ಲಿಯರ್ (ಕೋಶಕೇಂದ್ರದ) ಜೀನ್ ಒಂದಕ್ಕೆ ಕ್ಯೂಪಿಸಿಆರ್ (ಪ್ರಮಾಣ ಅಳೆಯುವ ಪಿಸಿಆರ್) ಮಾಡಿ ನೋಡುವುದೇ ಸರಿ. ಇದನ್ನು ಬಿಟ್ಟು ನೇರ ಸೀಕ್ವೆನ್ಸಿಂಗ್‌ಗೆ ಹೋಗುವವರೇ ಜಾಸ್ತಿ. ದುಡ್ಡು ಪೋಲಾಗುವುದೂ ಅಲ್ಲೇ.

ಈಗ ಒಂದೇ ಮಾದರಿ, ಒಂದೇ ಮಾರ್ಕರ್ ಹತ್ತಿರದಿಂದ ನೋಡೋಣ. ಆ ಜಾಗದಲ್ಲಿ ಇರಬಹುದಾದ ಅಕ್ಷರ ಎ ಅಥವಾ ಜಿ. ಒಂದೇ ಡಿಎನ್‌ಎಯನ್ನು ಮೂರು ಬೇರೆ ಟ್ಯೂಬಿಗೆ ಹಾಕಿ, ಮೂರಕ್ಕೂ ಬೇರೆ ಬೇರೆ ಬಾರ್‌ಕೋಡ್ (ಗುರುತಿಗೆ ಅಂಟಿಸುವ ಡಿಎನ್‌ಎ ತುಣುಕು) ಕೊಟ್ಟು ಓದಿಸಿದ್ದೀರಿ. ಮೊದಲ ಟ್ಯೂಬಿನಲ್ಲಿ ಎ 1,842 ರೀಡ್, ಜಿ ಸೊನ್ನೆ. ಎರಡನೆಯದರಲ್ಲಿ ಎ 655, ಜಿ 702. ಮೂರನೆಯದರಲ್ಲಿ ಎ 3, ಜಿ 2,210. ಮೊದಲನೆಯದನ್ನು ಮಾತ್ರ ನೋಡಿದವರು ಎಎ ಅಂತ ಬರೆಯುತ್ತಾರೆ. ಮೂರನೆಯದನ್ನು ಮಾತ್ರ ನೋಡಿದವರು ಜಿಜಿ ಅಂತ ಬರೆಯುತ್ತಾರೆ. ಇಬ್ಬರೂ ಧೈರ್ಯವಾಗಿಯೇ ಬರೆಯುತ್ತಾರೆ, ಯಾಕೆಂದರೆ ರೀಡ್ ಸಾವಿರದ ಮೇಲಿದೆ. ನಿಜವಾದ ಉತ್ತರ ಎಜಿ. ಅದು ಸರಿಯಾಗಿ ಬಂದದ್ದು ರೀಡ್ ಎಲ್ಲಕ್ಕಿಂತ ಕಡಿಮೆ ಇರುವ ಟ್ಯೂಬಿನಲ್ಲಿ!

ಮೂರನೆಯ ಟ್ಯೂಬಿನ ಆ 3 ಎ ರೀಡ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಅವು ಯಂತ್ರ ಓದುವಾಗ ಆದ ತಪ್ಪು ಇರಬಹುದು, ಪಕ್ಕದ ಮಾದರಿಯ ಬಾರ್‌ಕೋಡ್ ಅದಲುಬದಲಾಗಿ ನುಸುಳಿದ್ದೂ ಇರಬಹುದು. ಎ ನಿಜ ಅಂತ ನಾನು ಒಪ್ಪುವುದು ಮೊದಲ ಎರಡು ಟ್ಯೂಬಿನಲ್ಲಿ ಬಂದಿರುವುದರಿಂದ. ಜಿ ನಿಜ ಅನ್ನುವುದು ಎರಡು, ಮೂರನೆಯ ಟ್ಯೂಬಿನಿಂದ. ಪ್ರತಿ ಅಲೀಲ್ ಕನಿಷ್ಠ ಎರಡು ಸ್ವತಂತ್ರ ಟ್ಯೂಬಿನಲ್ಲಿ ಕಾಣಬೇಕು. ಈ ನಿಯಮ ಇಟ್ಟುಕೊಂಡರೆ ಹೆಟೆರೋಜೈಗಸ್ ವಿಷಯದಲ್ಲಿ ಮೋಸ ಹೋಗುವುದು ಬಹಳ ಕಡಿಮೆ.

ಕಷ್ಟ ಇರುವುದು ಹೋಮೋಜೈಗಸ್ (ಎರಡೂ ಅಲೀಲ್ ಒಂದೇ) ಅಂತ ಬರೆಯುವಾಗ. ಕಾಣದ ಅಲೀಲ್ ಇಲ್ಲವೇ ಇಲ್ಲ ಅಂತ ಹೇಳುವುದು ಹೇಗೆ? ಇಲ್ಲೂ ಲೆಕ್ಕವೇ ದಾರಿ. ಹೆಟೆರೋಜೈಗಸ್ ಪ್ರಾಣಿಯಲ್ಲಿ ಒಂದೊಂದು ಅಲೀಲ್ ಬಿಟ್ಟುಹೋಗುವ ಸಾಧ್ಯತೆ ಶೇ. 15 ಅನ್ನೋಣ. ಒಂದೇ ಟ್ಯೂಬ್ ಮಾಡಿದರೆ ಅದು ಹೋಮೋಜೈಗಸ್ ಆಗಿ ಕಾಣುವ ಸಾಧ್ಯತೆ ಶೇ. 30. ಎರಡು ಟ್ಯೂಬ್ ಮಾಡಿ ಎರಡರಲ್ಲೂ ಅದೇ ಅಲೀಲ್ ಬಿಟ್ಟುಹೋಗುವ ಸಾಧ್ಯತೆ ಶೇ. 4.5. ಮೂರು ಮಾಡಿದರೆ ಶೇ. 0.7. ಮಾದರಿ ಇನ್ನೂ ಕೆಟ್ಟಿದ್ದು ಒಂದೊಂದು ಅಲೀಲ್ ಶೇ. 30ರಷ್ಟು ಬಿಟ್ಟುಹೋಗುತ್ತಿದ್ದರೆ ಮೂರು ಟ್ಯೂಬಿನ ನಂತರವೂ ಶೇ. 5ಕ್ಕಿಂತ ಜಾಸ್ತಿ ತಪ್ಪು ಉಳಿಯುತ್ತದೆ. ಹಾಗಾಗಿ ಎಲ್ಲ ಮಾದರಿಗೂ ಇಷ್ಟೇ ಟ್ಯೂಬ್ ಅಂತ ನಿಯಮ ಮಾಡಬೇಡಿ. ಮೊದಲು ಎರಡು ಮಾಡಿ. ಎರಡೂ ಹೊಂದಿದರೆ ಮತ್ತು ಮಾದರಿಯಲ್ಲಿ ಡಿಎನ್‌ಎ ಚೆನ್ನಾಗಿದ್ದರೆ ಅಲ್ಲಿಗೆ ಮುಗಿಸಿ. ಹೊಂದದಿದ್ದರೆ ಇನ್ನೊಂದೆರಡು ಮಾಡಿ.

ಇದೇನೂ ಹೊಸ ವಿಷಯ ಅಲ್ಲ. ಪಿಯೇರ್ ಟಾಬರ್ಲೆ ಮತ್ತು ಜೊತೆಗಾರರು 1996ರಲ್ಲೇ, ಅತಿ ಕಡಿಮೆ ಡಿಎನ್‌ಎ ಇರುವ ಮಾದರಿಯನ್ನು ಹಲವು ಟ್ಯೂಬಿನಲ್ಲಿ ಬೇರೆ ಬೇರೆಯಾಗಿ ಪರೀಕ್ಷಿಸಬೇಕು ಅಂತ ಲೆಕ್ಕ ಸಮೇತ ತೋರಿಸಿದ್ದರು. ಮೈಕ್ರೋಸ್ಯಾಟಲೈಟ್ ಕಾಲದವರಿಗೆ ಇದು ಬಾಯಿಪಾಠ. ಸೀಕ್ವೆನ್ಸಿಂಗ್ ಬಂದ ಮೇಲೆ ರೀಡ್ ಸಂಖ್ಯೆಯ ಭರಾಟೆಯಲ್ಲಿ ಕೆಲವರು ಮರೆತರು.

ಹಾಗಾದರೆ ರೀಡ್ ಎಷ್ಟು ಸಾಕು? ಆಶ್ಚರ್ಯ ಆಗಬಹುದು, ತುಂಬಾ ಕಡಿಮೆ. ಎರಡೂ ಅಲೀಲ್ ಟ್ಯೂಬಿನಲ್ಲಿ ಸಮವಾಗಿ ಇದ್ದರೆ, 5 ರೀಡ್‌ನಲ್ಲಿ ಒಂದೇ ಅಲೀಲ್ ಕಾಣುವ ಸಾಧ್ಯತೆ 16ಕ್ಕೆ 1. 10 ರೀಡ್ ಆದರೆ 512ಕ್ಕೆ 1. 20 ದಾಟಿದರೆ ಲೆಕ್ಕಕ್ಕೇ ಇಲ್ಲ. ಪಿಸಿಆರ್ ಒಂದು ಅಲೀಲನ್ನು ಇನ್ನೊಂದಕ್ಕಿಂತ ಹೆಚ್ಚು ಬೆಳೆಸುವುದು ಉಂಟು, ಅದಕ್ಕೆ ಸ್ವಲ್ಪ ಜಾಗ ಬಿಟ್ಟು 30ರಿಂದ 50 ಇಟ್ಟುಕೊಳ್ಳಿ. ಒಂದು ಟ್ಯೂಬಿಗೆ 2,000 ರೀಡ್ ಕೊಡುವ ಬದಲು ನಾಲ್ಕು ಟ್ಯೂಬಿಗೆ ತಲಾ 100 ಕೊಡಿ. ಯಂತ್ರದ ಖರ್ಚು ಇಳಿಯುತ್ತದೆ, ಉತ್ತರ ಗಟ್ಟಿಯಾಗುತ್ತದೆ.

ಮೈಕ್ರೋಸ್ಯಾಟಲೈಟಾ, ಸ್ನಿಪ್ಪಾ ಅನ್ನುವುದಕ್ಕೆ ಬರೋಣ. ಮೈಕ್ರೋಸ್ಯಾಟಲೈಟ್ ಅಂದರೆ ಸಿಎಸಿಎಸಿಎ ಅಂತ ಒಂದೇ ತುಣುಕು ಮತ್ತೆ ಮತ್ತೆ ಬರುವ ಜಾಗ. ಎಷ್ಟು ಸಲ ಬಂದಿದೆ ಅನ್ನುವುದು ಪ್ರಾಣಿಯಿಂದ ಪ್ರಾಣಿಗೆ ಬೇರೆ. ಹಳೆಯ ವಿಧಾನದಲ್ಲಿ ಕ್ಯಾಪಿಲರಿ ಯಂತ್ರ ಆ ತುಣುಕಿನ ಉದ್ದ ಮಾತ್ರ ಅಳೆಯುತ್ತದೆ. ಒಂದು ಲ್ಯಾಬಿನಲ್ಲಿ 142 ಬಂದದ್ದು ಇನ್ನೊಂದು ಲ್ಯಾಬಿನಲ್ಲಿ 144 ಬರುತ್ತದೆ. ಅದನ್ನು ಹೊಂದಿಸುವುದೇ ಒಂದು ದೊಡ್ಡ ತಲೆನೋವು. ಜೊತೆಗೆ ಪಿಸಿಆರ್ ನಡೆಯುವಾಗ ಎಂಜೈಮ್ ಜಾರಿ, ಒಂದು ರಿಪೀಟ್ ಕಡಿಮೆ ಇರುವ ನಕಲುಗಳೂ ಹುಟ್ಟುತ್ತವೆ. ಅದನ್ನು ಸ್ಟಟರ್ ಅನ್ನುತ್ತೇವೆ.

ಇದೇ ಮೈಕ್ರೋಸ್ಯಾಟಲೈಟನ್ನು ಸೀಕ್ವೆನ್ಸ್ ಮಾಡಿದರೆ ಉದ್ದದ ಜೊತೆ ಒಳಗಿನ ಅಕ್ಷರಗಳೂ ಕಾಣುತ್ತವೆ. ಉದ್ದ ಒಂದೇ ಇದ್ದು ಒಳಗೆ ಬೇರೆ ಇರುವ ಅಲೀಲ್‌ಗಳು ಬೇರೆ ಬೇರೆ ಆಗಿ ಸಿಗುತ್ತವೆ. ಅಕ್ಷರ ಯಾವ ಲ್ಯಾಬಿನಲ್ಲಿ ಓದಿದರೂ ಅದೇ ಅಕ್ಷರ, ಆದ್ದರಿಂದ ಲ್ಯಾಬ್ ಲ್ಯಾಬ್ ನಡುವಿನ ಜಗಳ ತಪ್ಪುತ್ತದೆ. ಸ್ಟಟರ್ ಮಾತ್ರ ಹೋಗುವುದಿಲ್ಲ. ಅದು ಪಿಸಿಆರ್‌ನಲ್ಲಿ ಹುಟ್ಟುವ ತೊಂದರೆ, ಓದುವ ಯಂತ್ರ ಬದಲಾಯಿಸಿದರೆ ಏನೂ ಆಗದು.

ಸ್ನಿಪ್ ಅಂದರೆ ಒಂದೇ ಅಕ್ಷರದ ವ್ಯತ್ಯಾಸ. ಚೂರಾದ ಡಿಎನ್‌ಎಗೆ ಇದು ಹೇಳಿಮಾಡಿಸಿದ್ದು, ಯಾಕೆಂದರೆ 60ರಿಂದ 100 ಬೇಸ್ ಉದ್ದದ ತುಣುಕು ಉಳಿದಿದ್ದರೆ ಸಾಕು. ಹಿಕ್ಕೆ ಕೆಲಸಕ್ಕೆ ನನ್ನ ಓಟು ಸ್ನಿಪ್‌ಗೇ. ಆದರೆ ಇದರ ಒಂದು ದೌರ್ಬಲ್ಯದ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಒಂದು ಪ್ರಾಣಿಯ ಹಿಕ್ಕೆಯ ಮೇಲೆ ಇನ್ನೊಂದು ಪ್ರಾಣಿ ಮೂತ್ರ ಮಾಡಿ ಹೋಗಿರುತ್ತದೆ, ಇಲ್ಲವೇ ಒಂದೇ ಬೇಟೆಯನ್ನು ಎರಡು ಪ್ರಾಣಿ ನೆಕ್ಕಿರುತ್ತವೆ. ಮೈಕ್ರೋಸ್ಯಾಟಲೈಟ್ ಆಗಿದ್ದರೆ ಒಂದೇ ಜಾಗದಲ್ಲಿ ಮೂರು ಅಲೀಲ್ ಕಂಡು ಕಲಬೆರಕೆ ಅಂತ ತಕ್ಷಣ ಗೊತ್ತಾಗುತ್ತದೆ. ಸ್ನಿಪ್‌ನಲ್ಲಿ ಇರುವುದೇ ಎರಡು ಅಲೀಲ್. ಕಲಬೆರಕೆ ಆದ ಮಾದರಿ ಸುಮ್ನೆ ಜಾಸ್ತಿ ಹೆಟೆರೋಜೈಗಸ್ ಇರುವ ಇನ್ನೊಂದು ಪ್ರಾಣಿಯಂತೆ ಕಾಣುತ್ತದೆ. ಉಳಿದವುಗಳಿಗಿಂತ ಹೆಟೆರೋಜೈಗಸ್ ಪ್ರಮಾಣ ಎದ್ದು ಕಾಣುವಷ್ಟು ಹೆಚ್ಚಿರುವ ಮಾದರಿಯನ್ನು ಯಾವಾಗಲೂ ಅನುಮಾನದಿಂದ ನೋಡಿ. ಅದರಲ್ಲಿ ಎರಡು ಅಲೀಲಿನ ರೀಡ್ 50-50ರ ಬದಲು 75-25ರ ಹತ್ತಿರ ಗುಂಪಾಗಿ ಬರುತ್ತಿದ್ದರೆ ಅನುಮಾನ ಇನ್ನೂ ಗಟ್ಟಿ. ಇದಕ್ಕೆ ಒಂದು ಮಧ್ಯದ ದಾರಿ ಮೈಕ್ರೋಹ್ಯಾಪ್ಲೋಟೈಪ್. ಒಂದೇ ಚಿಕ್ಕ ರೀಡ್‌ನೊಳಗೆ ಎರಡು ಮೂರು ಸ್ನಿಪ್ ಬರುವ ಜಾಗ ಆರಿಸಿಕೊಂಡರೆ ಒಂದು ಮಾರ್ಕರ್‌ಗೆ ನಾಲ್ಕೈದು ಅಲೀಲ್ ಸಿಗುತ್ತವೆ. ತಂದೆ ತಾಯಿ ಯಾರು ಅಂತ ಹುಡುಕುವ ಕೆಲಸಕ್ಕೆ ಇದು ಚೆನ್ನಾಗಿ ಒದಗುತ್ತದೆ.

ವಿಧಾನದ ವಿಷಯ. ನೂರಿನ್ನೂರು ಮಾರ್ಕರ್, ಸಾವಿರಾರು ಮಾದರಿ ಇರುವಾಗ ಜಿಟಿ-ಸೀಕ್ ಬಗೆಯ ಮಲ್ಟಿಪ್ಲೆಕ್ಸ್ ಪಿಸಿಆರ್ ಸರಿಯಾದ ಆಯ್ಕೆ. 2015ರಲ್ಲಿ ಕ್ಯಾಂಪ್‌ಬೆಲ್ ಮತ್ತು ಜೊತೆಗಾರರು ಸ್ಟೀಲ್‌ಹೆಡ್ ಟ್ರೌಟ್ ಮೀನಿನ 192 ಸ್ನಿಪ್‌ಗಳನ್ನು 2,068 ಮೀನುಗಳಲ್ಲಿ ಸೀಕ್ವೆನ್ಸರ್‌ನ ಒಂದೇ ಲೇನ್‌ನಲ್ಲಿ ಓದಿ ತೋರಿಸಿದರು. ಕೆಲಸ ಎರಡು ಹಂತದ್ದು. ಮೊದಲ ಪಿಸಿಆರ್‌ನಲ್ಲಿ ಎಲ್ಲ ಪ್ರೈಮರ್‌ಗಳನ್ನೂ (ಬೇಕಾದ ಜಾಗಕ್ಕೆ ಅಂಟಿ ನಕಲು ಶುರು ಮಾಡಿಸುವ ಚಿಕ್ಕ ತುಣುಕುಗಳು) ಒಂದೇ ಟ್ಯೂಬಿಗೆ ಹಾಕಿ ಎಲ್ಲ ಮಾರ್ಕರ್ ಒಟ್ಟಿಗೆ ಬೆಳೆಸುತ್ತಾರೆ. ಎರಡನೆಯದರಲ್ಲಿ ಒಂದೊಂದು ಟ್ಯೂಬಿಗೂ ಬಾರ್‌ಕೋಡ್ ಜೋಡಿ ಅಂಟಿಸುತ್ತಾರೆ. ಆಮೇಲೆ ಎಲ್ಲ ಸೇರಿಸಿ ಓದಿಸಿ, ಎರಡು ಅಲೀಲಿನ ರೀಡ್ ಎಣಿಸುವುದು. ಒಂದು ಇನ್ನೊಂದಕ್ಕಿಂತ 10 ಪಟ್ಟು ಜಾಸ್ತಿ ಇದ್ದರೆ ಹೋಮೋಜೈಗಸ್, ಹೆಚ್ಚು ಕಡಿಮೆ ಸಮ ಇದ್ದರೆ ಹೆಟೆರೋಜೈಗಸ್, ನಡುವೆ ಸಿಕ್ಕಿಹಾಕಿಕೊಂಡರೆ ಖಾಲಿ ಬಿಡುವುದು. ಖಾಲಿ ಬಿಡಲು ಹಿಂಜರಿಯಬೇಡಿ. ಖಾಲಿ ಜಾಗ ತಪ್ಪು ಉತ್ತರಕ್ಕಿಂತ ಎಷ್ಟೋ ವಾಸಿ. ಹುಲಿಯ ಹಿಕ್ಕೆ, ಕೂದಲು, ಬೇಟೆಯ ಮೇಲೆ ಉಳಿದ ಜೊಲ್ಲಿನಿಂದಲೂ ಇದೇ ಬಗೆಯ ವಿಧಾನದಲ್ಲಿ ಜೀನೋಟೈಪ್ ತೆಗೆಯಬಹುದು ಅಂತ 2019ರಲ್ಲಿ ಉಮಾ ರಾಮಕೃಷ್ಣನ್ ಅವರ ತಂಡ ತೋರಿಸಿದೆ.

ಮೊದಲ ಪ್ರಯತ್ನದಲ್ಲಿ ಒಂದು ತಮಾಷೆ ಖಂಡಿತ ನೋಡುತ್ತೀರಿ. ನಾಲ್ಕೈದು ಮಾರ್ಕರ್‌ಗಳೇ ಅರ್ಧದಷ್ಟು ರೀಡ್ ನುಂಗಿಬಿಡುತ್ತವೆ. ಅವುಗಳ ಪ್ರೈಮರ್ ಪ್ರಮಾಣ ಇಳಿಸಿ. ಬಗ್ಗದಿದ್ದರೆ ಪ್ಯಾನೆಲ್‌ನಿಂದಲೇ, ಅಂದರೆ ಮಾರ್ಕರ್‌ಗಳ ಗುಂಪಿನಿಂದಲೇ, ತೆಗೆದುಬಿಡಿ. ಅವುಗಳ ಮೇಲೆ ಮಮತೆ ಬೇಡ.

ರ‍್ಯಾಡ್-ಸೀಕ್ ಬಗ್ಗೆಯೂ ನೀವು ಓದಿರುತ್ತೀರಿ. 2008ರಿಂದ ಬಳಕೆಯಲ್ಲಿರುವ ಒಳ್ಳೆಯ ವಿಧಾನ ಅದು. ಕತ್ತರಿಸುವ ಎಂಜೈಮ್ ಬಳಸಿ ಜೀನೋಮಿನ ಸಾವಿರಾರು ಜಾಗ ಒಮ್ಮೆಗೇ ಓದುತ್ತದೆ. ಆದರೆ ಅದಕ್ಕೆ ಉದ್ದುದ್ದ ಇರುವ ಶುದ್ಧ ಡಿಎನ್‌ಎ ಬೇಕು. ರಕ್ತ, ಅಂಗಾಂಶ ಇದ್ದರೆ ಸರಿ, ಹಿಕ್ಕೆಗೆ ಬೇಡ. ಅದರ ಕೆಲಸ ಪ್ಯಾನೆಲ್‌ಗೆ ಸ್ನಿಪ್ ಹುಡುಕುವುದು. ಹುಡುಕುವಾಗ ಒಂದೇ ಕಾಡಿನ ನಾಲ್ಕು ಪ್ರಾಣಿ ಇಟ್ಟುಕೊಂಡು ಕೂರಬೇಡಿ. ಒಂದು ಕಡೆಯ ಪ್ರಾಣಿಗಳಲ್ಲಿ ವ್ಯತ್ಯಾಸ ತೋರಿಸಿದ ಸ್ನಿಪ್‌ಗಳನ್ನೇ ಆರಿಸಿದರೆ, ಬೇರೆ ಕಡೆಯ ಪ್ರಾಣಿಗಳಲ್ಲಿ ವೈವಿಧ್ಯ ಕಡಿಮೆ ಇರುವಂತೆ ಸುಳ್ಳುಸುಳ್ಳೇ ಕಾಣುತ್ತದೆ. ಪ್ರೈಮರ್ ಕೂರುವ ಜಾಗದಲ್ಲಿ ಇನ್ನೊಂದು ಸ್ನಿಪ್ ಇಲ್ಲ ಅಂತಲೂ, ಬೇಟೆಯ ಪ್ರಾಣಿ ಮತ್ತು ಮನುಷ್ಯನ ಡಿಎನ್‌ಎಗೆ ಆ ಪ್ರೈಮರ್ ಅಂಟುವುದಿಲ್ಲ ಅಂತಲೂ ನೋಡಿಕೊಳ್ಳಿ.

ಎಷ್ಟು ಮಾರ್ಕರ್ ಅನ್ನುವ ಪ್ರಶ್ನೆ. ಎರಡು ಅಲೀಲ್ ಸಮಪಾಲು ಇರುವ ಒಂದು ಸ್ನಿಪ್‌ನಲ್ಲಿ, ಸಂಬಂಧವಿಲ್ಲದ ಎರಡು ಪ್ರಾಣಿಗಳ ಜೀನೋಟೈಪ್ ಒಂದೇ ಆಗುವ ಸಾಧ್ಯತೆ 0.375. ಅಂಥ 20 ಸ್ನಿಪ್ ಇದ್ದರೆ ಅದು ನೂರು ಕೋಟಿಗೆ 3ರಷ್ಟಕ್ಕೆ ಇಳಿಯುತ್ತದೆ. ಹಾಗಾದರೆ 20 ಸಾಕಲ್ಲ ಅನ್ನಿಸುತ್ತದೆ. ಸಾಲದು. ಕಾಡಿನಲ್ಲಿ ಅಕ್ಕಪಕ್ಕ ಓಡಾಡುವ ಪ್ರಾಣಿಗಳು ಎಷ್ಟೋ ಸಲ ಒಡಹುಟ್ಟಿದವು. ಅವುಗಳಿಗೆ ಆ ಅಂಕಿ 0.375 ಅಲ್ಲ, 0.59. 20 ಸ್ನಿಪ್‌ಗೆ ಲಕ್ಷಕ್ಕೆ 3. ಇನ್ನು ಅಲೀಲ್ ಪಾಲು ಸಮ ಇಲ್ಲದೆ 80-20 ಇದ್ದರೆ, ಒಡಹುಟ್ಟಿದವುಗಳಲ್ಲಿ ಅದೇ 20 ಸ್ನಿಪ್‌ಗೆ ಸಾವಿರಕ್ಕೆ 1 ದಾಟುತ್ತದೆ. ಅದರ ಮೇಲೆ ಹಿಕ್ಕೆಯಲ್ಲಿ ಎಲ್ಲ ಮಾರ್ಕರ್ ಕೆಲಸ ಮಾಡುವುದೂ ಇಲ್ಲ. ಹಾಗಾಗಿ ಸುಮಾರು 100 ಇಟ್ಟು ಶುರು ಮಾಡಿ, ಪ್ರತಿ ಮಾದರಿಗೂ 40-50 ನಂಬುವಂಥದ್ದು ಉಳಿಯುವ ಹಾಗೆ ನೋಡಿಕೊಳ್ಳಿ. ಪ್ರಾಣಿ ಗುರುತಿಸಲು ಅಷ್ಟು ಸಾಕು.

ಮಾರ್ಕರ್ ಜಾಸ್ತಿ ಆದಷ್ಟೂ ಒಳ್ಳೆಯದು ಅನ್ನುವುದೂ ಪೂರ್ತಿ ನಿಜ ಅಲ್ಲ. ಒಂದು ಮಾರ್ಕರ್‌ಗೆ ಶೇ. 1 ತಪ್ಪು ಇದ್ದರೆ, 20 ಮಾರ್ಕರ್‌ನಲ್ಲಿ ಎಲ್ಲಾದರೂ ಒಂದು ತಪ್ಪು ಇರುವ ಸಾಧ್ಯತೆ ಶೇ. 18. ತಪ್ಪು ಶೇ. 5 ಆದರೆ ಅದು ಶೇ. 64! ಎಲ್ಲ ಮಾರ್ಕರ್ ಪಕ್ಕಾ ಹೊಂದಿದರೆ ಮಾತ್ರ ಒಂದೇ ಪ್ರಾಣಿ ಅಂತ ನೀವು ಹಠ ಹಿಡಿದರೆ, ಒಂದೇ ಪ್ರಾಣಿಯ ಮೂರು ಹಿಕ್ಕೆ ಮೂರು ಪ್ರಾಣಿಗಳಾಗಿ ಪಟ್ಟಿ ಸೇರುತ್ತವೆ. ಇಲ್ಲದ ಪ್ರಾಣಿಗಳು ಹುಟ್ಟಿಕೊಂಡು ಎಣಿಕೆ ನಿಜಕ್ಕಿಂತ ಹಲವು ಪಟ್ಟು ಏರಬಹುದು. ಸಂರಕ್ಷಣೆಯ ನಿರ್ಧಾರಗಳು ಈ ಎಣಿಕೆಯ ಮೇಲೆ ನಿಲ್ಲುವುದರಿಂದ ಇದು ಸಣ್ಣ ವಿಷಯ ಅಲ್ಲ.

ಇದಕ್ಕೆ ನಾನು ಮಾಡುವುದು ಇಷ್ಟು. ಎಲ್ಲ ಮಾದರಿಗಳನ್ನೂ ಜೋಡಿ ಜೋಡಿಯಾಗಿ ಹೋಲಿಸಿ, ಎಷ್ಟು ಮಾರ್ಕರ್ ಹೊಂದುತ್ತಿಲ್ಲ ಅಂತ ಎಣಿಸಿ ಒಂದು ಗ್ರಾಫ್ ಹಾಕಿ. 50 ಒಳ್ಳೆಯ ಸ್ನಿಪ್ ಇದ್ದರೆ ಸಂಬಂಧವಿಲ್ಲದ ಜೋಡಿಗಳು 30ರ ಆಸುಪಾಸು ಗುಡ್ಡೆಯಾಗುತ್ತವೆ. ಒಡಹುಟ್ಟಿದವು 20ರ ಸುತ್ತ. ಒಂದೇ ಪ್ರಾಣಿಯ ಮಾದರಿಗಳು 0, 1, 2, 3ರಲ್ಲಿ ಬರುತ್ತವೆ. ನಡುವೆ ಖಾಲಿ ಕಾಣುತ್ತದೆ. ಆ ಖಾಲಿ ಜಾಗದಲ್ಲಿ ಗೆರೆ ಎಳೆಯಿರಿ. ಖಾಲಿ ಜಾಗವೇ ಕಾಣದಿದ್ದರೆ ಮಾರ್ಕರ್ ಸಾಲದು, ಇಲ್ಲವೇ ತಪ್ಪು ಜಾಸ್ತಿ ಇದೆ. ಸಾಫ್ಟ್‌ವೇರ್ ಹೇಳಿದ ಮಿತಿಯನ್ನು ಸುಮ್ನೆ ಒಪ್ಪುವ ಮೊದಲು ಈ ಗ್ರಾಫ್ ಕಣ್ಣಾರೆ ನೋಡಿ.

ಕಾಡಿನ ಕೆಲಸದ ಬಗ್ಗೆ ಎರಡೇ ಮಾತು. ಹಿಕ್ಕೆಯನ್ನು ಅಗೆದು ಒಳಭಾಗ ತೆಗೆಯಬೇಡಿ. ಪ್ರಾಣಿಯ ಕರುಳಿನ ಕೋಶಗಳು ಹೊರಮೈಗೆ ಅಂಟಿರುತ್ತವೆ, ಅಲ್ಲಿಂದಲೇ ಸವರಿ ತೆಗೆಯಿರಿ. ಒಂದು ದಿನ ಎಥನಾಲ್‌ನಲ್ಲಿಟ್ಟು ಆಮೇಲೆ ಸಿಲಿಕಾದಲ್ಲಿ ಒಣಗಿಸಿ ಇಟ್ಟರೆ ಚೆನ್ನಾಗಿ ಉಳಿಯುತ್ತದೆ. ಉದುರಿದ ಕೂದಲಲ್ಲಿ ಬುಡ ಇರುವುದನ್ನು ಆರಿಸಿ. ಲ್ಯಾಬಿನಲ್ಲಿ ಪ್ರತಿ ಪ್ಲೇಟಿಗೂ ಮಾದರಿ ಹಾಕದ ಖಾಲಿ ಟ್ಯೂಬ್ ಇಟ್ಟು ಅದನ್ನೂ ಕೊನೆಯವರೆಗೆ ಓದಿಸಿ. ಒಂದು ಮಾದರಿಗೆ ಕೊಟ್ಟ ಎರಡು ಬಾರ್‌ಕೋಡ್‌ಗಳಲ್ಲಿ ಯಾವುದನ್ನೂ ಆ ರನ್‌ನಲ್ಲಿ ಬೇರೆ ಮಾದರಿಗೆ ಕೊಡದಿದ್ದರೆ, ಅದಲುಬದಲಾದ ರೀಡ್‌ಗಳನ್ನು ಸುಲಭವಾಗಿ ಹೊರಗೆ ಹಾಕಬಹುದು.

ಹಳೆಯ ಡೇಟಾ ಬಿಸಾಡಬೇಡಿ, ದಯವಿಟ್ಟು. ಸ್ಯಾಮುಯೆಲ್ ವಾಸರ್ ಅವರ ತಂಡ 2015ರಲ್ಲಿ, ಹಿಡಿದ ಆನೆದಂತ ಆಫ್ರಿಕಾದ ಯಾವ ಭಾಗದ್ದು ಅಂತ ಪತ್ತೆ ಮಾಡಿದ್ದು ಬರೀ 16 ಮೈಕ್ರೋಸ್ಯಾಟಲೈಟ್‌ಗಳಿಂದ. ಬೇಟೆ ಎಲ್ಲಿ ಜಾಸ್ತಿ ನಡೆಯುತ್ತಿದೆ ಅನ್ನುವುದು ಅದರಿಂದ ಹೊರಬಿತ್ತು. ಅದರ ಬಲ ಇದ್ದದ್ದು ಆಫ್ರಿಕಾದ ಉದ್ದಗಲಕ್ಕೂ ಸಂಗ್ರಹಿಸಿದ ಆನೆ ಲದ್ದಿಯ ಮಾದರಿಗಳ ಭಂಡಾರದಲ್ಲಿ. ನಿಮ್ಮ ಲ್ಯಾಬಿನಲ್ಲೂ ಅಂಥ ವರ್ಷಗಟ್ಟಲೆಯ ದಾಖಲೆ ಇದ್ದರೆ ಅದಕ್ಕೆ ಬೆಲೆ ಇದೆ. ಫ್ರೀಜರ್‌ನಲ್ಲಿ ಉಳಿದಿರುವ ಹಳೆಯ ಮಾದರಿಗಳಲ್ಲಿ ಚೆನ್ನಾಗಿರುವುದನ್ನು ಆರಿಸಿ ಹೊಸ ಸ್ನಿಪ್ ಪ್ಯಾನೆಲ್‌ನಲ್ಲೂ ಓದಿಸಿ. ಹಳೆಯ ಪಟ್ಟಿಯ ಪ್ರಾಣಿ ಹೊಸ ಪಟ್ಟಿಯಲ್ಲಿ ಯಾವುದು ಅಂತ ಆಗ ಗೊತ್ತಾಗುತ್ತದೆ. ಡಿಎನ್‌ಎ ಉಳಿದಿಲ್ಲದ ಪ್ರಾಣಿಗಳು ಹಳೆಯ ಪಟ್ಟಿಯಲ್ಲೇ ಇರಲಿ.

ಕೊನೆಗೆ, ಎಷ್ಟು ಸಲ ಮಾಡಿದರೂ ಒಮ್ಮತಕ್ಕೆ ಬಾರದ ಮಾದರಿಗಳು. ಇಷ್ಟು ಮಾರ್ಕರ್‌ಗಿಂತ ಕಡಿಮೆ ಬಂದರೆ ಕೈಬಿಡುತ್ತೇವೆ ಅಂತ ರನ್ ಮಾಡುವ ಮೊದಲೇ ಬರೆದಿಡಿ, ಫಲಿತಾಂಶ ನೋಡಿದ ಮೇಲೆ ಗೆರೆ ಎಳೆಯಬೇಡಿ. ಇಂಥ ಮಾದರಿಯಲ್ಲಿ ವೈ ಕ್ರೋಮೋಸೋಮಿನ ಮಾರ್ಕರ್ ಬರಲಿಲ್ಲ ಅಂತ ಹೆಣ್ಣು ಎಂದು ಬರೆಯಲೂ ಬೇಡಿ. ಗಂಡಿನ ವೈ ಕೂಡ ಬೇರೆ ಅಲೀಲ್‌ನಂತೆಯೇ ಬಿಟ್ಟುಹೋಗಿರಬಹುದು. ಆದರೆ ಯಾವ ಪ್ರಭೇದದ ಹಿಕ್ಕೆ ಅನ್ನುವುದನ್ನು ಇಂಥ ಮಾದರಿಯಿಂದಲೂ ತಿಳಿಯಬಹುದು. ಮೈಟೋಕಾಂಡ್ರಿಯಾದ ಡಿಎನ್‌ಎ ಒಂದು ಕೋಶದಲ್ಲಿ ನೂರಾರು ಸಾವಿರಾರು ಪ್ರತಿ ಇರುತ್ತದೆ, ನ್ಯೂಕ್ಲಿಯರ್ ಡಿಎನ್‌ಎ ಸೋತ ಕಡೆಯೂ ಅದು ಎಷ್ಟೋ ಸಲ ಓದಲು ಸಿಗುತ್ತದೆ. ಅಂಥ ಹಿಕ್ಕೆಯನ್ನು ಎಣಿಕೆಯ ಪಟ್ಟಿಯಿಂದ ತೆಗೆಯಿರಿ, ಪ್ರಾಣಿ ಓಡಾಡಿದ ಜಾಗದ ನಕ್ಷೆಯಲ್ಲಿ ಇಟ್ಟುಕೊಳ್ಳಿ.